ಅವ್ವನ ಪ್ಲೇಟು ಕಾರಿನಾಗ ತಿರಗಂಗಿಲ್ಲ

ಹೋದ ಐತವಾರದಿಂದ ನಮ್ಮ ಬಳಗದ ವಾಟ್ಸಪ್ ಗ್ರೂಪಿನೊಳಗ ನನಗ ಜಿಪುಣಿ ಅಂತ ಹೆಸರು ಬಿದ್ದದ. ಯಾರ್ಯಾರು ಏನೇನು ಅಂದಾರ ಎಲ್ಲಾ ಓದೇನಿ. ಸೀದಾ ಅನ್ನಲಾರದವರು ನಗೋ ಬೊಂಬಿ ಹಾಕ್ಯಾರ, ಅದನ್ನೂ ನೋಡೇನಿ. ಗ್ರೂಪಿನಾಗ ಒಂದೊಂದ ಸಾಲು ಬರದು ಜಗಳ ಆಡೋದು ನನಗ ಆಗಂಗಿಲ್ಲ, ಅದಕ್ಕ ಇಲ್ಲೆ ಕೂತು ಪೂರ್ತಿ ಬರೀತೀನಿ. ವೈನಿಗಳು, ಮೌಶಿಗಳು, ಓಣಿಯೊಳಗಿನ ಅಕ್ಕಂದಿರು ಓದಿ, ಆಮ್ಯಾಲೆ ಏನ ಅನ್ನೋದದ ಅನ್ರಿ.

ಆಗಿದ್ದು ಇಷ್ಟ. ನಮ್ಮ ಅಣ್ಣನ ಮಗನ ಮದವಿ ಹುಬ್ಬಳ್ಳಿಯೊಳಗ. ಮದವಿ ಮುಗದ ಮ್ಯಾಲೆ ಹುಡುಗಿನ್ನ ಮನಿ ತುಂಬಿಸಿಕೊಳ್ಳಲಿಕ್ಕೆ ಧಾರವಾಡಕ್ಕ ಕರಕೊಂಡ ಬರಬೇಕಲ್ಲ, ಅದಕ್ಕಂತ ಹಳೇ ಕಾಲದ ಅಂಬಾಸಿಡರ್ ಕಾರು ಬಾಡಿಗಿಗೆ ಹೇಳ್ಯಾನ. ಅದು ಛಲೋನ ಆತು. ಅದರಾಗ ರಿಕಾರ್ಡ್ ಪ್ಲೇಯರ್ ಇಟಗೊಂಡು, ನಮ್ಮ ಅವ್ವನ ಭೀಮಸೇನ ಜೋಶಿಯವರ ಎಲ್‌ಪಿ ಹಚ್ಚಿಕೋತ ಬರ್ತಾನಂತ. ವಿಡಿಯೋ ತಗಿಯವರು ಮುಂದಿನ ಗಾಡಿಯೊಳಗ ಕೂತು ಅದನ್ನ ತಗೀತಾರಂತ. ಸೂಟ್‌ಕೇಸಿನಂಥಾ ಒಂದು ಪ್ಲೇಯರ್ ಆಗಲೇ ತರಿಸ್ಯಾನ, ಬಣ್ಣ ಮಾತ್ರ ಭಾಳ ಚಂದ ಅದ, ಗಿಣಿ ಹಸರು. ಪ್ಲೇಟು ಒಂದ ಬೇಕಾಗಿತ್ತು, ಅದು ನನ್ನ ಟ್ರಂಕಿನೊಳಗ ಅದ.

ಹುಡುಗ ಕೆಟ್ಟಾಂವ ಅಲ್ರಿ. ಬಂದು ಅಡಗಿಮನಿ ಕಟ್ಟಿ ಮ್ಯಾಲೆ ಕೂತು, ಬಿಸಿ ಭಕ್ಕರಿ ತಿನಕೋತ, "ಅತ್ಯಾ, ಅಜ್ಜಿ ಇದ್ದಿದ್ರ ನನ್ನ ಮದವ್ಯಾಗ ಎಷ್ಟ ಓಡಾಡತಿದ್ಲು. ಅಕಿ ಪ್ಲೇಟು ಕಾರಿನಾಗ ಹಾಡಿದ್ರ ಅಕೀನೂ ಕೂಡ ಬಂದಂಗ ಆಗ್ತದ" ಅಂದ. ನನ್ನ ಕಣ್ಣಾಗ ನೀರ ಬಂತು, ಸುಳ್ಳ ಯಾಕ ಹೇಳಲಿ. ಅವ್ವ ಹೋಗಿ 6 ವರ್ಷ ಆತು. ಕಣ್ಣೀರ ಒರಸ್ಕೊಂಡು "ಕೊಡಂಗಿಲ್ಲ" ಅಂದೆ. ಅಂವ ನಕ್ಕು ಮೊಬೈಲ್ ತಗದು, "ಅತ್ಯಾ, ಅಮೇರಿಕಾದಾಗ 1956ರಾಗನ ಕಾರಿನೊಳಗ ರಿಕಾರ್ಡ್ ಹಾಕ್ತಿದ್ರು, ನೀ ಇನ್ನೂ ಎಲ್ಲಿದ್ದಿ?" ಅಂತ ಫೋಟೋ ತೋರಿಸಿದ.

ನಾ ಪಿಯುಸಿ ಕಲ್ತಾಕಿ. ಓದೂದು ಬರ್ತದ. ಮೂರು ಮಧ್ಯಾಹ್ನ ಧಾರಾವಾಹಿ ಬಿಟ್ಟು ಇದನ್ನ ಓದೇನಿ. ಫೋಟೋ ಖರೇನ ಅದ. ಫೋಟೋದಾಗ ಇಲ್ಲದ್ದೂ ಭಾಳ ಅದ.

ಕಾರಿನ ಕಂಪನಿ ಕ್ರೈಸ್ಲರ್. ಅವರು 1956ರ ಮಾಡೆಲ್ಲಿನ ಕಾರುಗಳೊಳಗ 'ಹೈವೇ ಹೈ-ಫೈ' ಅಂತ ಒಂದು ಪ್ಲೇಯರನ್ನ ಡ್ಯಾಶ್‌ಬೋರ್ಡಿನ ಕೆಳಗ ಕೂಡಿಸಿ ಕೊಟ್ರು. ಅದನ್ನ ಮಾಡಿದಾತ ಪೀಟರ್ ಗೋಲ್ಡ್‌ಮಾರ್ಕ್ ಅಂತ, ಸಿಬಿಎಸ್ ಪ್ರಯೋಗಶಾಲೆಯವರು. 1948ರಾಗ ಎಲ್‌ಪಿ ರಿಕಾರ್ಡು ಬಂತಲ್ಲ, ಅದರ ಹಿಂದೂ ಇದೇ ಮನಷ್ಯಾನ ಕೈ ಇತ್ತು. ಅಂದ್ರ ತಿಳದಾಂವನ ಮಾಡಿದ್ದು, ಯಾರೋ ಹುಡುಗಾಟಕ್ಕ ಮಾಡಿದ್ದಲ್ಲ. ಅಷ್ಟು ತಿಳದಾಂವಗೂ ಮನ್ಯಾಗಿನ ಎಲ್‌ಪಿನ್ನ ಕಾರಿನಾಗ ತಿರಗಸಲಿಕ್ಕೆ ಆಗಲಿಲ್ಲ, ಇದನ್ನ ನೆನಪಿಡ್ರಿ. ಅದಕ್ಕ ಬ್ಯಾರೇನ ಪ್ಲೇಟು ಮಾಡಬೇಕಾತು. ಮನ್ಯಾಗಿನ ಎಲ್‌ಪಿ ನಿಮಿಷಕ್ಕ 33 ಸುತ್ತು ಚಿಲ್ಲರ ತಿರಗತದ, ಇದು ಅದರ ಅರ್ಧ, 16 ಸುತ್ತು ಚಿಲ್ಲರ. ಅಗಲ 7 ಇಂಚು, ನೈವೇದ್ಯಕ್ಕ ಇಡೋ ಸಣ್ಣ ತಾಟಿನಷ್ಟು. ಗೆರಿ ಇನ್ನೂ ಸಣ್ಣ, ಒಂದ ಬದಿಗೆ 45 ನಿಮಿಷದ ತನಕ ಸಂಗೀತ ಹಿಡೀತಿತ್ತು.

ಕೇಳಲಿಕ್ಕೆ ಅಗದೀ ಛಲೋ ಅನಸ್ತದ. ಆದ್ರ ಆ ಪ್ಲೇಟು ಒಂದ ಕಂಪನಿಯವರು ಮಾತ್ರ ಮಾಡ್ತಿದ್ರು, ಕೊಲಂಬಿಯಾದವರು. ಅವರು ಏನ ಕೊಟ್ರ ಅದನ್ನ ಕೇಳಬೇಕು. ಮನ್ಯಾಗಿದ್ದ ರಿಕಾರ್ಡು ಕಾರಿಗೆ ಬರಂಗಿಲ್ಲ, ಕಾರಿನ ರಿಕಾರ್ಡು ಮನಿ ಪ್ಲೇಯರಿಗೆ ಸೇರಂಗಿಲ್ಲ. ಒಂದ ಮನಿಗೆ ಎರಡ ಒಲಿ ಹೂಡಿ, ಎರಡಕ್ಕೂ ಬ್ಯಾರೆ ಬ್ಯಾರೆ ಭಾಂಡಿ ತೊಗೋರಿ ಅಂದಂಗ. ಇನ್ನ ತಗ್ಗಿನಾಗ ಗಾಡಿ ಕುಣದ್ರ ಸೂಜಿ ಜಿಗೀಬಾರದಂತ ಅದರ ಮ್ಯಾಲೆ ಭಾರ ಹೆಚ್ಚಿಗಿ ಹಾಕಿದ್ರು. ಭಾರ ಹಾಕಿದ್ರ ಸೂಜಿ ಕೂಡತದ, ಗೆರಿ ಸವೀತದ. ಹೋಳಿಗಿ ಹರೀಬಾರದಂತ ಲಟ್ಟಣಗಿ ಒತ್ತಿ ಹಿಡದ್ರ ಏನಾಗ್ತದ ನಿಮಗ ನಾ ಹೇಳಬೇಕೇನು? ರಿಪೇರಿ ಕೆಲಸ ಹೆಚ್ಚಾತು, ಕೊಳ್ಳವರು ಕಡಿಮಿ ಆದ್ರು, ಕೆಲವೇ ವರ್ಷದಾಗ ಕ್ರೈಸ್ಲರ್‌ದವರು ಅದನ್ನ ಕೈಬಿಟ್ರು.

ಬಿಟ್ಟವರು ಸುಮ್ಮನ ಕೂಡಲಿಲ್ಲ. 1960ರಾಗ ಆರ್‌ಸಿಎ ವಿಕ್ಟರ್‌ದವರ ಪ್ಲೇಯರ್ ಹಚ್ಚಿದ್ರು. ಇದಕ್ಕ ಅಂಗಡ್ಯಾಗ ಸಿಗೋ 45 ಸುತ್ತಿನ ಮಾಮೂಲಿ ಸಣ್ಣ ಪ್ಲೇಟು ನಡೀತಿತ್ತು, ಒಮ್ಮೆಗೆ 14 ಪ್ಲೇಟು ಅಡಕಬಹುದಿತ್ತು. ಇದರಾಗ ಎಲ್ಲಾ ಉಲ್ಟಾ, ಸೂಜಿ ಕೆಳಗಿನಿಂದ ಪ್ಲೇಟಿಗೆ ತಾಗತಿತ್ತು. ಇದೂ ಎರಡ ವರ್ಷ ನಡದು ಹೋತು. ಯುರೋಪಿನ ಕಡೆ ಫಿಲಿಪ್ಸ್‌ದವರು 'ಆಟೋ ಮಿನ್ಯೋನ್' ಅಂತ ಮಾಡಿದ್ರು. ಟಪಾಲ ಡಬ್ಬಿಗೆ ಪತ್ರ ಹಾಕಿದಂಗ ಒಂದೊಂದ ಪ್ಲೇಟು ತುರುಕೋದು, ಎರಡ-ಮೂರ ನಿಮಿಷಕ್ಕ ಹಾಡು ಮುಗೀತದ, ಹೊರಗ ತಗೀರಿ, ಹೊಳ್ಳಿಸ್ರಿ, ಮತ್ತ ತುರುಕರಿ. ಯಾರು ತುರುಕಬೇಕು? ಗಾಡಿ ಹೊಡಿಯಾಂವ ರಸ್ತೆ ನೋಡಬೇಕು. ಅಂದಮ್ಯಾಲೆ ಬಾಜೂ ಕೂತವರು. ಈ ಬಾಜೂ ಕೂತವರ ಮಾತಿಗೆ ನಾ ಆಮ್ಯಾಲೆ ಬರ್ತೀನಿ, ನನ್ನ ಸಿಟ್ಟೆಲ್ಲಾ ಇರೋದ ಅಲ್ಲೆ.

ಕಡಿಗೆ ಈ ಕತಿ ಮುಗಿಸಿದವರೂ ಅದೇ ಫಿಲಿಪ್ಸ್‌ದವರ. 1963ರಾಗ ಕ್ಯಾಸೆಟ್ ತಂದ್ರು. ಕ್ಯಾಸೆಟ್ಟಿನಾಗ ರೀಲನ್ನ ಸ್ಪಂಜಿನಂಥಾ ಸಣ್ಣ ಮೆತ್ತಿ ಒಂದು ಹಿಂದಿನಿಂದ ಒತ್ತಿ ಹಿಡದಿರ್ತದ, ಗಾಡಿ ಎಷ್ಟ ಕುಣದ್ರೂ ಅದು ಜಾಗಾ ಬಿಡಂಗಿಲ್ಲ. ರಿಕಾರ್ಡಿನ ಸೂಜಿನ್ನ ಹಿಡಿಯವರು ಯಾರೂ ಇಲ್ಲ, ತನ್ನ ಭಾರದ ಮ್ಯಾಲೆ ತಾನ ಗೆರಿಯೊಳಗ ಕೂತಿರ್ತದ. ಇದು ಇಷ್ಟ ಸಣ್ಣ ವಿಷಯ, ತಿಳಕೊಳ್ಳಲಿಕ್ಕೆ ಅಮೇರಿಕಾಕ್ಕ ಹೋಗೋ ಕೆಲಸಿಲ್ಲ.

ನಾ ಒಂದ ಲೆಕ್ಕ ಮಾಡಿದೆ, ಹಾಲಿನ ಲೆಕ್ಕ ಬರಿಯೋ ಕ್ಯಾಲೆಂಡರಿನ ಹಿಂದ. ಒಂದ ಬದಿ 20 ನಿಮಿಷ ಅಂತ ಹಿಡೀರಿ. ನಿಮಿಷಕ್ಕ 33 ಚಿಲ್ಲರ ಸುತ್ತಂದ್ರ 660 ಮ್ಯಾಲಾತು. ಹೊರಗಿನ ಸುತ್ತು ದೊಡ್ಡದು, ಒಳಗಿಂದು ಸಣ್ಣದು, ಸರಾಸರಿ ಒಂದ ಸುತ್ತಿಗೆ 65 ಸೆಂಟಿಮೀಟರ್ ಅಂದ್ರೂ 400 ಮೀಟರ್ ದಾಟತದ. ಕೂದಲೆಳಿಯಷ್ಟ ಸಪೂರ ಗೆರಿಯೊಳಗ ಆ ಸೂಜಿ ಅಷ್ಟ ದೂರ ನಡೀತದ್ರಿ, ಒಂದೇ ಒಂದ ಬದಿ ಹಾಡಲಿಕ್ಕೆ. ನಮ್ಮ ಓಣಿ ತುದಿಯಿಂದ ಬಸ್‌ಸ್ಟಾಪಿನ ತನಕ ಆಗ್ತದ. ಅದರ ಮ್ಯಾಲಿನ ಭಾರ ಛಲೋ ಪ್ಲೇಯರಿನಾಗ ಎರಡ-ಮೂರು ಗ್ರಾಂ, ಒಂದ ಮುತ್ತಿನ ನತ್ತಿನಷ್ಟು. ನಡಿಯೋ ಅದನ್ನ ಮತ್ತೊಂದು ಓಡೋ ಗಾಡಿಯೊಳಗ ಯಾಕ ಇಡ್ತೀರಿ?

"ಈಗಿನ ರಸ್ತೆ ಛಲೋ ಆಗ್ಯಾವ ಅತ್ಯಾ" ಅಂತಾನ. ಆಗಿರಬಹುದು. ಹುಬ್ಬಳ್ಳಿ ಧಾರವಾಡ ನಡುವ 20 ಕಿಲೋಮೀಟರ್. ರೋಡ ಉಬ್ಬು ಎಷ್ಟು, ಸಿಗ್ನಲ್ಲು ಎಷ್ಟು, ಎಮ್ಮಿ ಎಷ್ಟು ಅನ್ನೋದನ್ನ ದಿನಾ ಓಡಾಡವರು ಹೇಳಲಿ. ಅದೂ ಹಳೇ ಅಂಬಾಸಿಡರ್. ರಸ್ತೆ ಕೈಮ್ಯಾಲಿನ ಕನ್ನಡಿಯಂಗ ಇದ್ರೂ ಗಾಡಿ ತಿರುವು ತೊಗೊಂಡಾಗ ನಾವು ಒಂದ ಕಡೆ ವಾಲತೀವಿ ಹೌದಲ್ಲೋ? ಸೂಜಿ ಹಿಡದ ಕೈನೂ ವಾಲತದ. ಬ್ರೇಕ್ ಹಾಕಿದ್ರ ಮುಂದ ಮುಗ್ಗರಸ್ತದ. ಮತ್ತ ಬಿಸಿಲು. ಮದವಿ ಮುಗದು ಊಟ ಆಗಿ ಹೊರಡೋದಂದ್ರ ಮಧ್ಯಾಹ್ನ ಎರಡ ಮೂರು ಗಂಟೆ. ಅಲ್ಲಿ ತನಕ ಗಾಡಿ ಮಂಟಪದ ಮುಂದ ಬಿಸಲಾಗ ನಿಂತಿರ್ತದ. ಅಜ್ಜನ ಕಾಲದ ಅರಗಿನ ಪ್ಲೇಟು ಬಿದ್ರ ಒಡೀತಿತ್ತು, ಈ ವಿನೈಲ್ ಪ್ಲೇಟು ಹಂಗ ಒಡಿಯಂಗಿಲ್ಲ, ಕಾವು ಹತ್ತಿದ್ರ ಸೊಟ್ಟ ಆಗ್ತದ. ಬಿಸಲಾಗ ಮರತ ಹಪ್ಪಳದಂಗ. ಸೊಟ್ಟ ಆದ ಹಪ್ಪಳ ಕರಕೊಂಡು ತಿನ್ನಬಹುದು.

ನಮ್ಮ ಕಡೆ ರಿಕಾರ್ಡು ಗಾಡಿ ಹತ್ತಿಲ್ಲಂತ ಅಲ್ಲ. ಭಾಳ ಹತ್ತ್ಯಾವ. ನಾ ಸಣ್ಣಾಕಿದ್ದಾಗ ಅಜ್ಜನ ಊರಿಗೆ ಮದವಿ ಮುಂಜವಿಗೆ ಮೈಕ್‌ಸೆಟ್ಟಿನಾಂವ ಚಕ್ಕಡ್ಯಾಗ ಬರ್ತಿದ್ದ. ಅವನ ರಿಕಾರ್ಡಿನ ಪೆಟಗಿ ಕೆಳಗ ಎರಡ ಕೌದಿ, ಮ್ಯಾಲೆ ಒಂದ ಕೌದಿ. ಪೆಟಗಿನ್ನ ಎರಡೂ ಕಾಲಿನ ನಡುವ ಹಿಡಕೊಂಡು ಕೂತಿರ್ತಿದ್ದ, ಎತ್ತು ಜೋರ ಹೋದ್ರ ಗಾಡಿಯವಗ ಬೈತಿದ್ದ. ಹುಡುಗರು ಗಾಡಿ ಹಿಂದ ಓಡಿ "ಮಾಮಾ ಒಂದ ಹಾಡ ಹಚ್ಚು, ಒಂದ ಹಾಡ ಹಚ್ಚು" ಅಂದ್ರ, "ಗಾಡಿ ಇಳದ ಮ್ಯಾಲೆ" ಅಂತಿದ್ದ. ಇಳದು, ಅಂಗಳದಾಗ ಮೇಜು ಹಾಕಿಸಿ, ಮೇಜಿನ ಕಾಲಿಗೆ ರಟ್ಟು ಕೊಟ್ಟು, ಅಲುಗಾಡ್ತದೇನಂತ ಕೈಲೆ ಒತ್ತಿ ನೋಡಿ, ಆಮ್ಯಾಲೆ ಸೂಜಿ ಇಡ್ತಿದ್ದ. ಅಂವ ಸಾಲಿ ಕಲ್ತಿದ್ದಿಲ್ಲ. ಗೋಲ್ಡ್‌ಮಾರ್ಕ್ ಸಾಹೇಬರಿಗೆ ಬುದ್ಧಿ ಹೇಳಲಿಕ್ಕೆ ಯಾರರ ಇಂವನ್ನ ಕರಕೊಂಡ ಹೋಗಬೇಕಿತ್ತು.

ಮತ್ತ ನಮ್ಮ ಧಾರವಾಡ ಗದಗಿನವರಿಗೆ ಒಂದ ಮಾತು ನೆನಪ ಮಾಡಿಕೊಡಬೇಕಾಗೇದ. ಅಂವ ಹಚ್ಚತೀನಿ ಅಂತಿರೋ ಎಲ್‌ಪಿಯೊಳಗ ಹಾಡಿದವರು ಯಾರು? ಭೀಮಸೇನ ಜೋಶಿಯವರು ಹನ್ನೊಂದ ವರ್ಷದ ಹುಡುಗ ಇದ್ದಾಗ ಮನಿ ಬಿಟ್ಟು ಹೋಗಿದ್ದು ಯಾತಕ್ಕಂತ ನಿಮಗ ಗೊತ್ತದಲ್ಲ? ಅಂಗಡಿಯೊಂದರ ಮುಂದ ನಿಂತು ಅಬ್ದುಲ್ ಕರೀಮ್ ಖಾನರ ಠುಮ್ರಿ ರಿಕಾರ್ಡು ಕೇಳಿ, ಹಂಗ ಹಾಡಬೇಕಂತ ಗುರುವಿನ್ನ ಹುಡಿಕಿಕೊಂಡು ರೈಲು ಹತ್ತಿದ್ರು. ಅದು 1933. ಊರೂರು ಅಲದು, ಕಡಿಗೆ ಅದೇ ಖಾನ್ ಸಾಹೇಬರ ಶಿಷ್ಯರಾದ ಸವಾಯಿ ಗಂಧರ್ವರು ಕುಂದಗೋಳದಾಗ ಸಿಕ್ರು. ಇಲ್ಲೆ ಹುಬ್ಬಳ್ಳಿ ಬಾಜೂಕ. ಆ ರಿಕಾರ್ಡು ಅಂಗಡ್ಯಾಗ ಒಂದ ಕಡೆ ಕೂತು ಹಾಡ್ತಿತ್ತು, ಹುಡುಗ ಒಂದ ಕಡೆ ನಿಂತು ಕೇಳಿದ. ಅದು ಮೋಟಾರಿನಾಗ ಹಾದು ಹೋಗಿದ್ರ ಅರ್ಧ ಸಾಲು ಕಿವಿಗೆ ಬಿದ್ದು ಧೂಳ ಉಳೀತಿತ್ತು.

ಕಾರಿನಾಗ ಹಾಡು ಬ್ಯಾಡ ಅನ್ನಾಕಿ ನಾ ಅಲ್ಲ, ಅದನ್ನ ಬ್ಯಾರೆ ಹೇಳಿಬಿಡ್ತೀನಿ, ಇಲ್ಲಾಂದ್ರ ನಾಳೆ ಅದಕ್ಕೂ ಒಂದ ಹೆಸರ ಇಡ್ತೀರಿ. ಗೋಕರ್ಣಕ್ಕ ಹೋಗೋ ಮುಂದ ಘಟ್ಟದಾಗ ಮೂರ ತಾಸು ಹಾಡಿದಾಕಿ ನಾನ. ನಮ್ಮನಿಯವರು ಸಾಕಂದ್ರೂ ಬಿಟ್ಟಿಲ್ಲ. ಮೊಬೈಲ್ ಹಚ್ಚರಿ, ಎಫ್‌ಎಂ ಹಚ್ಚರಿ, ಬಾಯಿಲೆ ಹಾಡ್ರಿ.

ಈಗ ಬಾಜೂ ಕೂತವರ ಮಾತು.

ನಾ ಆಗ ನಾಲ್ಕನೇತ್ತಾ. ಅಪ್ಪ ಬ್ಯಾಟರಿ ಹಾಕೋ ಒಂದು ಪ್ಲೇಯರ್ ತಂದಿದ್ರು. ಅದೂ ಸೂಟ್‌ಕೇಸಿನಂಥಾದ್ದ, ಗಿಣಿ ಹಸರಲ್ಲ, ಕಂದು. ಈಗ ಹೊಸಾದು ಅಂತ ತೋರಸ್ತಾರಲ್ಲ, ನನಗ ನಗು ಬರ್ತದ. ಬನಶಂಕರಿ ಜಾತ್ರಿಗೆ ಬದಾಮಿಗೆ ಹೊರಟಿದ್ವಿ, ಕಾಕಾನ ಪೈಕಿ ಯಾರದೋ ಕಾರು, ಅದೂ ಅಂಬಾಸಿಡರ. ಅಪ್ಪಗ ಹುಕಿ ಬಂತು, ದಾರ್ಯಾಗ ರಿಕಾರ್ಡು ಹಚ್ಚಬೇಕಂತ. ಅವ್ವನ ಎಲ್‌ಪಿ, ಅಕಿ ತವರಮನಿಯಿಂದ ಅಕಿ ಅಣ್ಣ ದೀಪಾವಳಿಗೆ ಕೊಟ್ಟಿದ್ದು. ಸೀಟಿನ ಮ್ಯಾಲೆ ಇಟ್ರ ಜಿಗೀತು. ನೆಲಕ್ಕ ಇಟ್ರ ಇನ್ನೂ ಜಿಗೀತು. "ತೊಡಿ ಮ್ಯಾಲೆ ಇಟ್ಕೋ, ತೊಡಿ ಮೆತ್ತಗಿರ್ತದ, ಧಕ್ಕಿ ತಡೀತದ" ಅಂತ ಅಪ್ಪ ಅವ್ವಗ ಹೇಳಿದ್ರು.

ಅವ್ವ ಇಟ್ಕೊಂಡ್ಲು. ಸೆರಗು ನಾಕ ಮಡಚಿ ಕೆಳಗ ಹಾಸಿ, ಎರಡೂ ಕೈಲೆ ಎರಡೂ ಬಾಜೂ ಹಿಡದು, ಕಾಲು ಗಟ್ಟಿ ಊರಿ ಕೂತ್ಲು. ನವಲಗುಂದ ಬಂತು, ನರಗುಂದ ಬಂತು, ಅಕಿ ಹೊರಗ ನೋಡಲಿಲ್ಲ. ನಾವೆಲ್ಲಾ ಕಿಡಕಿಯಾಗ ತಲಿ ಹಾಕಿ ಸೂರ್ಯಾಪಾನದ ಹೊಲ ನೋಡಿಕೋತ ಕೂಗತಿದ್ವಿ. ಅಪ್ಪ ಮುಂದಿನ ಸೀಟಿನಾಗ ಕಾಲ ಚಾಚಿ ಕೂತು, ತಾಳ ಹಾಕಿಕೋತ, ನಡುನಡುವ ಹಿಂದ ಹೊಳ್ಳಿ "ಅಲುಗಾಡಸಬ್ಯಾಡ" ಅಂತಿದ್ರು. ನನ್ನ ತಮ್ಮ ಹಸದು ಅತ್ರ ಅವ್ವಗ ಅವನ್ನ ಎತಗೊಳ್ಳಲಿಕ್ಕೆ ಬರಂಗಿಲ್ಲ, ತೊಡಿ ಮ್ಯಾಲೆ ಭೀಮಸೇನ ಜೋಶಿಯವರು ಕೂತಾರಲ್ಲ. ನರಗುಂದ ದಾಟಿದ ಮ್ಯಾಲೆ ಒಂದ ಹಳ್ಳದ ಇಳಿವು, ಗಾಡಿ ಧಡಲ್ ಅಂತು, ಸೂಜಿ ಕರ್ ಅಂತ ಆ ಕಡೆಯಿಂದ ಈ ಕಡೆಗೆ ಎಳೀತು. ಆ ಸಪ್ಪಳ ನನಗ ಇವತ್ತಿಗೂ ಹಲ್ಲಿನಾಗ ಅದ.

ಅಪ್ಪ ಏನಂದ್ರು ಗೊತ್ತೇನು? "ಕಾಲ ಅಲುಗಾಡಸಬ್ಯಾಡಂತ ಎಷ್ಟ ಸಲ ಹೇಳಿದೆ."

ಹಳ್ಳಕ್ಕ ಯಾರೂ ಬೈಲಿಲ್ಲ. ಗಾಡಿಗೆ ಬೈಲಿಲ್ಲ. ಕಾರಿನಾಗ ರಿಕಾರ್ಡು ಹಚ್ಚಿದವರಿಗಂತೂ ಯಾರ ಬೈಬೇಕು. ಮನಿಗೆ ಬಂದ ಮ್ಯಾಲೆ ಅಜ್ಜಿ, ಕಾಕಾ, ಸೋದರತ್ತಿ ಎಲ್ಲಾರೂ "ಅಕಿ ಕಾಲು ಅಲುಗಾಡಿ ಗೆರಿ ಬಿತ್ತಂತ" ಅಂತನ ಹೇಳಿಕೋತ ಬಂದ್ರು, ವರ್ಷಾನುಗಟ್ಟಲೆ. ಆವತ್ತಿನಿಂದ ಆ ಪ್ಲೇಟು ಮೊದಲನೇ ಬದಿಗೆ ಒಂದ ಜಾಗಾಕ್ಕ ಬಂದ್ರ ಸಿಕ್ಕೊಂಡು, ಅದನ್ನ ಅದನ್ನ ಹಾಡ್ತದ. ಅಡಗಿಮನ್ಯಾಗಿಂದ ಅವ್ವ ಎದ್ದು ಬರಬೇಕು. ಕೈಯಾಗ ಭಕ್ಕರಿ ಹಿಟ್ಟಿದ್ರ ಮೊಣಕೈಲೆ ಬಾಗಲಾ ದೂಡಿ, ಕಿರಿಬಳ್ಳಿಲೆ ಸೂಜಿ ಎತ್ತಿ ಒಂದ ಕೂದಲಷ್ಟ ಮುಂದ ಇಡಬೇಕು. ಬ್ಯಾರೆ ಯಾರೂ ಏಳತಿದ್ದಿಲ್ಲ, ಕೂತಲ್ಲಿಂದ "ಸಿಕ್ಕೊಂತು ನೋಡು" ಅಂತ ಕೂಗತಿದ್ರು. ಆ ಪ್ಲೇಯರ್ ಕೆಟ್ಟು ಇನ್ನೊಂದು ಬಂತು, ಗೆರಿ ಅಲ್ಲೇ ಇತ್ತು, ಅವ್ವ ಏಳೋದೂ ಹಂಗ ಇತ್ತು.

ಗ್ರೂಪಿನಾಗ ಒಬ್ಬರು ಬರದಾರ, "ಗೆರಿ ಬಿದ್ದ ಪ್ಲೇಟಿಗೆ ಅದರದ ಒಂದ ಸೊಗಸದ, ನೆನಪಿನ ಗುರುತು" ಅಂತ. ನಿಮ್ಮ ಕೈಯಾಗ ಹಿಟ್ಟಿರಲಿಲ್ಲ ಬಿಡ್ರಿ, ನಿಮಗ ಸೊಗಸು.

ಇಷ್ಟೆಲ್ಲಾ ನೆನಪಿದ್ದರೂ ನಾ ಒಂದ ವೇಳೆ ಕೊಡತಿದ್ದೆನೋ ಏನೋ. ಅಣ್ಣನ ಮಗ, ಮದವಿ ಮನಿ, ಕರುಳು ಕೇಳಂಗಿಲ್ಲ. ಹೊಂಟ ನಿಂತಾಗ ಸುಮ್ಮನ ಕೇಳಿದೆ, "ಅಲ್ಲೋ, ಅಂಬಾಸಿಡರ ಸೀಟು ಇಳಿಜಾರ ಇರ್ತದ, ಪ್ಲೇಯರ್ ಎಲ್ಲಿ ಇಡಾಂವ?" "ಅಕಿ ತೊಡಿ ಮ್ಯಾಲೆ ಇಟ್ಕೋತಾಳ ಅತ್ಯಾ, ಫೋಟೋದಾಗೂ ಚಂದ ಬರ್ತದ" ಅಂದ.

ಅಕಿ ಅಂದ್ರ ಮದಲಗಿತ್ತಿ. ಅವತ್ತ ತಾಳಿ ಕಟ್ಟಿಸಿಕೊಂಡಾಕಿ, ನಸಿಕಿನ ನಾಕಕ್ಕ ಎದ್ದಾಕಿ, ಒಂಬತ್ತವಾರಿ ಉಟ್ಟು ಬಾಸಿಂಗ ಕಟಗೊಂಡು ಹೊಗಿಯಾಗ ಕೂತು ಕಣ್ಣ ಕೆಂಪ ಮಾಡಿಕೊಂಡಾಕಿ, ಅವ್ವ ಅಪ್ಪನ್ನ ಬಿಟ್ಟು ಹೊಂಟಾಕಿ. ಅಕಿಗೆ ಅಳಲಿಕ್ಕೂ ಕೈ ಖಾಲಿ ಇರಬಾರದೇನು? ಸೆರಗಿಲೆ ಕಣ್ಣ ಒರಸಿಕೊಂಡ್ರ ಪ್ಲೇಯರ್ ಅಲುಗಾಡ್ತದ. ಸೂಜಿ ಎಳದು ಇನ್ನೊಂದ ಗೆರಿ ಬಿದ್ರ, ಮನಿ ತುಂಬೋಕಿಂತ ಮೊದಲ ಅಕಿ ಮ್ಯಾಲೆ ಒಂದ ಮಾತು ಬೀಳತದ, "ಅಜ್ಜಿ ಪ್ಲೇಟು ಹಾಳ ಮಾಡಿದ್ಲು" ಅಂತ. ನಮ್ಮ ಬಳಗ ನನಗ ಗೊತ್ತಿಲ್ಲೇನು? ಆ ಮಾತು ಮುಂದ ನಲವತ್ತು ವರ್ಷ ಅಕಿ ಹಿಂದ ಸಿಕ್ಕೊಂಡು ತಿರಗತದ.

ಅದಕ್ಕ ಕೊಡಂಗಿಲ್ಲ ಅಂದೆ. ಪ್ಲೇಟಿನ ಆಶಾಕ್ಕ ಅಲ್ಲ.

ವೈನಿ ನಡುವ ಬಂದು ರಾಜಿ ಮಾಡಿಸಲಿಕ್ಕೆ ನೋಡಿದ್ರು. "ಪ್ಲೇಟು ಸುಮ್ಮನ ತಿರಗಲಿ, ಸೂಜಿ ಇಡೋದು ಬ್ಯಾಡ, ಹಾಡು ಮೊಬೈಲ್‌ನ್ಯಾಗ ಹಚ್ಚೋಣ" ಅಂದ್ರು. ವಿಡಿಯೋದಾಗ ಏನ ಬೇಕಾದ್ದು ತೋರಸ್ರಿ ವೈನಿ, ಆದ್ರ ಅದಕ್ಕ ಅವ್ವನ ಪ್ಲೇಟ ಯಾಕ ಬೇಕು? ಹುಬ್ಬಳ್ಳಿ ಗುಜರಿಯಾಗ ತೂಕದ ಲೆಕ್ಕದ ಮ್ಯಾಲೆ ಸಿಗ್ತಾವ, ಯಾವದರ ಒಂದ ತಿರಗಿಸಿ ಇಡ್ರಿ. ಮತ್ತ ಅದನ್ನೂ ಅಕಿ ತೊಡಿ ಮ್ಯಾಲೆ ಇಡಬ್ಯಾಡ್ರಿ. ಅಷ್ಟ ಹೌಸಿ ಇದ್ರ ಮದಮಗ ತನ್ನ ತೊಡಿ ಮ್ಯಾಲೆ ಇಟಗೊಳ್ಳಲಿ, ಅವಗೂ ದೇವರು ಎರಡ ಕಾಲು ಕೊಟ್ಟಾನ.

ನಮ್ಮನಿಯವರು ಇದನ್ನ ಓದಿ "ಇಷ್ಟ ಖಾರ ಬ್ಯಾಡಾಗಿತ್ತು" ಅಂದ್ರು. ಹಾಕ್ಯಾಗೇದ, ಇನ್ನ ತಗಿಯಲಿಕ್ಕೆ ಬರಂಗಿಲ್ಲ.

ಮದವಿ ಆಗಿ ಸತ್ಯನಾರಾಯಣ ಪೂಜಿ ದಿನ ಸಂಜಿಗೆ ಎಲ್ಲಾರೂ ನಮ್ಮ ಮನಿಗೆ ಬರ್ರಿ. ಪಡಸಾಲಿಯೊಳಗ ಅವ್ವನ ಹಳೇ ಮರದ ಮೇಜದ, ಅದರ ಕಾಲಿಗೆ ರಟ್ಟು ಕೊಡೋದು ನನಗ ಬರ್ತದ. ಪ್ಲೇಟು ಹಚ್ಚತೀನಿ, ಎರಡೂ ಬದಿ, ಪೂರ್ತಿ. ಗಿರಮಿಟ್ಟು ಮಿರ್ಚಿ ಭಜಿ ಮೊದಲ ಮಾಡಿ ಇಟ್ಟಿರ್ತೀನಿ, ಹಾಡು ನಡಿಯೋ ಮುಂದ ಯಾರೂ ಅಡಗಿಮನಿಗೆ ಹೋಗೋದು ಬ್ಯಾಡ. ಹೊಸಾ ಹುಡುಗಿಗೆ ಜೋಕಾಲಿ ಬಿಟ್ಟುಕೊಡ್ರಿ, ಅಕಿ ಕಾಲ ಅಲುಗಾಡಿಸಿಕೋತ ಕೂಡಲಿ. ಮೇಜಿನ ಬಾಜೂ ಸ್ಟೂಲ ಮ್ಯಾಲೆ ನಮ್ಮ ಅಣ್ಣನ ಮಗನ್ನ ಕೂಡಸ್ತೀನಿ. ಗೆರಿ ಬಿದ್ದ ಜಾಗಾ ಬಂದಾಗ ಸೂಜಿ ಎತ್ತಿ ಮುಂದ ಇಡಾಂವ ಅಂವ.